ಗುಡ್ಡ ಕುಸಿದ ಮೇಲೆ ಪ್ರಾರ್ಥನೆ ಮಾಡೋದು ಹೇಗೆ

ಮನೆ ಕಳ್ಕೊಂಡೋರು, ಮನೆಯೋರನ್ನೇ ಕಳ್ಕೊಂಡೋರು, ಭಾನುವಾರ ಬಂದ್ರೆ ಚರ್ಚ್ ಕಡೆ ಕಾಲೇ ಏಳಲ್ಲ ಅನ್ನೋರು, ಬೈಬಲ್ ತೆಗೆದ್ರೆ ಅಕ್ಷರ ಕಾಣತ್ತೆ ಆದ್ರೆ ಒಂದೂ ಒಳಗೆ ಇಳಿಯಲ್ಲ ಅನ್ನೋರು, ಅಂಥೋರಿಗಾಗಿ ಇದನ್ನ ಬರೀತಿದೀನಿ. ಜೊತೆಗೆ ಅಂಥೋರ ಪಕ್ಕದಲ್ಲಿ ಕೂತು ಏನು ಮಾತಾಡ್ಬೇಕು ಅಂತ ಗೊತ್ತಾಗದೆ ಒದ್ದಾಡೋರಿಗೂ. ನಾನು ಪಾಸ್ಟರ್ ಅಲ್ಲ, ಥಿಯಾಲಜಿ ಓದಿದೋನಲ್ಲ, ಕೊಡಗಿನ ಕಡೆಯ ಸಾಮಾನ್ಯ ಕ್ರೈಸ್ತ ಕುಟುಂಬದೋನು. 2018ರ ಆಗಸ್ಟಲ್ಲಿ ನಮ್ಮ ಕಡೆ ಗುಡ್ಡಗಳು ಜಾರಿದಾಗ ನಮ್ಮ ದೊಡ್ಡಮ್ಮ ಮನೆ, ಕಾಫಿ ಗಿಡ, ದನದ ಕೊಟ್ಟಿಗೆ ಎಲ್ಲ ಹೋಗಿ ನಿರಾಶ್ರಿತರ ಕ್ಯಾಂಪಲ್ಲಿ ಇದ್ರು. ಆಮೇಲೆ 2024ರ ಜುಲೈ 30ರ ಬೆಳಗಿನ ಜಾವ ಪಕ್ಕದ ವಯನಾಡಿನ ಮುಂಡಕೈ, ಚೂರಲ್‌ಮಲ, ಪುಂಚಿರಿಮಟ್ಟಂ ಊರುಗಳ ಮೇಲೆ ಗುಡ್ಡ ಬಂತಲ್ಲ, ಇನ್ನೂರಕ್ಕೂ ಜಾಸ್ತಿ ಜನ ಸತ್ತರು, ಚಾಮರಾಜನಗರ, ಮಂಡ್ಯ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದ್ದ ನಮ್ಮ ಕನ್ನಡದ ಜನಾನೂ ಅದ್ರಲ್ಲಿದ್ರು. ಇಲ್ಲಿ ಬರೀತಿರೋದೆಲ್ಲ ಈ ಎರಡು ಘಟನೆಗಳನ್ನ ಮನಸ್ಸಲ್ಲಿ ಇಟ್ಕೊಂಡೇ.

ಮೊದಲು ಊಟ, ನಿದ್ದೆ, ಮಾತ್ರೆ

ಮೊದಲನೇ ವಾರ ನಂಬಿಕೆ ಬಗ್ಗೆ ಯೋಚನೆನೇ ಮಾಡಬೇಡಿ. ನಿಜವಾಗ್ಲೂ ಹೇಳ್ತಿದೀನಿ. ಬೈಬಲ್‌ನ 1 ಅರಸುಗಳು 19ನೇ ಅಧ್ಯಾಯದಲ್ಲಿ ಎಲೀಯ ಓಡೋಡಿ ಸುಸ್ತಾಗಿ ಒಂದು ಗಿಡದ ಕೆಳಗೆ ಬಿದ್ಕೊಂಡು "ಸಾಕು ಕರ್ತನೇ, ನನ್ನ ಪ್ರಾಣ ತಗೊಂಡುಬಿಡು" ಅಂತಾನೆ. ಅಷ್ಟು ದೊಡ್ಡ ಪ್ರವಾದಿ ಹಿಂಗಂದಾಗ ದೇವದೂತ ಬಂದು ಅವನಿಗೆ ಪ್ರಸಂಗ ಮಾಡಲ್ಲ, ವಾಕ್ಯ ಹೇಳಲ್ಲ, ತಟ್ಟಿ ಎಬ್ಬಿಸಿ "ಎದ್ದು ಊಟ ಮಾಡು" ಅಂತಾನೆ, ನೋಡಿದ್ರೆ ಪಕ್ಕದಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ಅವನು ತಿಂದು ಮತ್ತೆ ಮಲಗ್ತಾನೆ, ದೂತ ಮತ್ತೆ ಎಬ್ಬಿಸಿ ಮತ್ತೆ ತಿನ್ನು ಅಂತಾನೆ. ದೇವರು ಅವನ ಹತ್ರ ಮಾತಾಡೋದು ಆಮೇಲೆ, ಎಷ್ಟೋ ದಿನ ಕಳೆದ ಮೇಲೆ.

ಹಂಗಾಗಿ ಬಿಪಿ, ಶುಗರ್ ಮಾತ್ರೆ ಮಣ್ಣಲ್ಲಿ ಹೋಗಿದ್ರೆ ಕ್ಯಾಂಪಿನ ಡಾಕ್ಟರಿಗೆ ಮೊದಲ ದಿನಾನೇ ಹೇಳಿ. ಊಟ ಸೇರಲ್ಲ ಅನ್ಸಿದ್ರೂ ಗಂಜಿನಾದ್ರೂ ಕುಡೀರಿ. ಆ ಸಮಯದಲ್ಲಿ ಉಪವಾಸ ಪ್ರಾರ್ಥನೆ ಬೇಡ್ವೇ ಬೇಡ, ಯಾರಾದ್ರೂ ಬಂದು ಕೂರಿಸಿದ್ರೂ ಬೇಡ ಅನ್ನಿ, ನಿಮ್ಮ ಪರವಾಗಿ ಉಪವಾಸ ಮಾಡೋಕೆ ಮನೆಲಿ ಸುಖವಾಗಿರೋ ವಿಶ್ವಾಸಿಗಳು ಬೇಕಾದಷ್ಟು ಜನ ಇದ್ದಾರೆ. ಆಧಾರ್, ರೇಷನ್ ಕಾರ್ಡ್, ಜಮೀನಿನ ಪತ್ರ, ಬ್ಯಾಂಕ್ ಪಾಸ್‌ಬುಕ್ ಏನೇನು ಹೋಯ್ತು ಅಂತ ಒಂದು ಹಾಳೇಲಿ ಬರೆಸಿಟ್ಟು ಗ್ರಾಮ ಆಡಳಿತ ಅಧಿಕಾರಿಗೆ (ಮೊದಲು ಗ್ರಾಮ ಲೆಕ್ಕಿಗರು ಅಂತಿದ್ರು) ಕೊಡಿ. ಇದೂ ದೇವರ ಕೆಲಸಾನೇ, ಪ್ರಾರ್ಥನೆಗಿಂತ ಕಮ್ಮಿ ಅಂತ ಅಂದ್ಕೋಬೇಡಿ.

"ಯಾಕೆ ನಮಗೇ?" ಅನ್ನೋ ಪ್ರಶ್ನೆ ಬಂದಾಗ

ಇದು ಬಂದೇ ಬರತ್ತೆ. ಬಂದಾಗ ಅದನ್ನ ಅದುಮಬೇಡಿ, ಆದ್ರೆ ಬೇರೆಯವರು ಕೊಡೋ ರೆಡಿಮೇಡ್ ಉತ್ತರನೂ ತಗೋಬೇಡಿ. ಪ್ರತಿ ಸಲ ಗುಡ್ಡ ಕುಸಿದಾಗ, ಹೊಳೆ ಬಂದಾಗ, ಎರಡು ದಿನದೊಳಗೆ ವಾಟ್ಸಾಪಲ್ಲಿ ಶುರುವಾಗತ್ತೆ, ಆ ಊರಿನ ಪಾಪಕ್ಕೆ ದೇವರ ಶಿಕ್ಷೆ, ಕಡೇ ದಿನಗಳ ಗುರುತು, ಇವರು ಪ್ರಾರ್ಥನೆ ಬಿಟ್ಟಿದ್ರು ಅದಕ್ಕೇ ಹಿಂಗಾಯ್ತು. ನಮ್ಮೋರೂ ಕಳಿಸ್ತಾರೆ, ಬೇರೆ ಧರ್ಮದೋರೂ ಅವರವರ ರೀತೀಲಿ ಕಳಿಸ್ತಾರೆ. ಅದನ್ನ ಓದಿದ ತಕ್ಷಣ ಲೂಕ 13 ತೆಗೀರಿ. ಸಿಲೋವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ರು, ಅದನ್ನ ಯೇಸುಸ್ವಾಮಿ ತಾವೇ ಎತ್ತಿ ಕೇಳ್ತಾರೆ, ಆ ಸತ್ತವರು ಯೆರೂಸಲೇಮಲ್ಲಿ ಇದ್ದ ಬೇರೆಲ್ಲರಿಗಿಂತ ಜಾಸ್ತಿ ತಪ್ಪು ಮಾಡಿದೋರು ಅಂತ ಅಂದ್ಕೊಂಡ್ರಾ? ಅವರದ್ದೇ ಉತ್ತರ, ಇಲ್ಲ. ಆಮೇಲೆ ತಿರುಗಿ ಕೇಳ್ತಿದ್ದ ಜನಕ್ಕೇ ಹೇಳ್ತಾರೆ, ನೀವು ನಿಮ್ಮ ಮನಸ್ಸು ತಿರುಗಿಸ್ಕೊಳ್ಳಿ ಅಂತ. ಅಂದ್ರೆ ಅನಾಹುತ ನೋಡಿ ಸತ್ತವರ ಪಾಪ ಲೆಕ್ಕ ಹಾಕೋ ಅಧಿಕಾರ ಯಾರಿಗೂ ಇಲ್ಲ, ಬದುಕಿರೋರು ತಮ್ಮನ್ನ ತಾವು ನೋಡ್ಕೋಬೇಕು ಅಷ್ಟೇ. ಹುಟ್ಟುಕುರುಡನ ವಿಷಯದಲ್ಲೂ ಶಿಷ್ಯರು ಯಾರ ಪಾಪ, ಇವನದ್ದಾ, ಅಪ್ಪ ಅಮ್ಮನದ್ದಾ ಅಂತ ಕೇಳಿದಾಗ ಇಬ್ಬರದ್ದೂ ಅಲ್ಲ ಅಂದ್ರು.

ವಯನಾಡಲ್ಲಿ ಆ ಜಾಗದಲ್ಲಿ 48 ಗಂಟೇಲಿ 572 ಮಿಲಿಮೀಟರ್ ಮಳೆ ಸುರೀತು. ಕಡಿದಾದ ಇಳಿಜಾರು, ನೀರು ಕುಡಿದು ಭಾರ ಆದ ಮಣ್ಣು, ರಾತ್ರಿ ಜನ ಮಲಗಿದ್ದ ಹೊತ್ತು. ಇದು ಹೆಂಗಾಯ್ತು ಅನ್ನೋದಕ್ಕೆ ಉತ್ತರ, ಇದನ್ನ ತಿಳ್ಕೋಬೇಕು, ಎಲ್ಲಿ ಮನೆ ಕಟ್ಟಬಾರದು, ಯಾವಾಗ ಜಾಗ ಖಾಲಿ ಮಾಡ್ಬೇಕು ಅನ್ನೋದು ಇದ್ರಿಂದಾನೇ ಗೊತ್ತಾಗೋದು. ಆದ್ರೆ ನನ್ನ ಮಗಳೇ ಯಾಕೆ, ಆ ರಾತ್ರಿನೇ ಯಾಕೆ ಅನ್ನೋದಕ್ಕೆ ಮಳೆ ಲೆಕ್ಕ ಉತ್ತರ ಕೊಡಲ್ಲ. ಬೈಬಲ್ಲೂ ಅದಕ್ಕೆ ನೇರ ಉತ್ತರ ಕೊಡಲ್ಲ. ಮಕ್ಕಳು, ಆಸ್ತಿ ಎಲ್ಲ ಒಟ್ಟಿಗೇ ಕಳ್ಕೊಂಡ ಯೋಬನ ಪುಸ್ತಕ ಪೂರ್ತಿ ಓದಿ ನೋಡಿ, ಕೊನೇಲಿ ದೇವರು ಬಿರುಗಾಳಿಯೊಳಗಿಂದ ಮಾತಾಡ್ತಾರೆ, ಭೂಮಿ, ಸಮುದ್ರ, ನಕ್ಷತ್ರ, ಕಾಡುಪ್ರಾಣಿ ಎಲ್ಲದರ ಬಗ್ಗೆ ಹೇಳ್ತಾರೆ, ನಿನ್ನ ಮಕ್ಕಳು ಯಾಕೆ ಸತ್ತರು ಅಂತ ಮಾತ್ರ ಹೇಳಲ್ಲ. ಆದ್ರೆ ಒಂದು ಮಾತು ಸ್ಪಷ್ಟವಾಗಿ ಹೇಳ್ತಾರೆ, ನೀನು ಏನೋ ಪಾಪ ಮಾಡಿರಬೇಕು ಅಂತ ಯೋಬನಿಗೆ ಅಧ್ಯಾಯಗಟ್ಟಲೆ ಬುದ್ಧಿ ಹೇಳಿದ ಸ್ನೇಹಿತರ ಮೇಲೆ ಅವರಿಗೆ ಕೋಪ ಬಂದಿದೆ ಅಂತ. ಬೈದು, ಅತ್ತು, ಜಗಳ ಆಡಿದ ಯೋಬನನ್ನ ನನ್ನ ಸೇವಕ ಅಂತಾರೆ. ನಂಗೆ ಇಡೀ ಬೈಬಲ್‌ನಲ್ಲಿ ಇದಕ್ಕಿಂತ ಧೈರ್ಯ ಕೊಟ್ಟ ಜಾಗ ಇನ್ನೊಂದಿಲ್ಲ.

ದೂರು ಹೇಳೋದನ್ನ ಕಲೀರಿ

ನಮ್ಮ ಸಭೆಗಳಲ್ಲಿ ಸ್ತೋತ್ರ ಹೇಳೋದು ಚೆನ್ನಾಗಿ ಕಲಿಸ್ತಾರೆ, ಸಾಕ್ಷಿ ಹೇಳೋದು ಕಲಿಸ್ತಾರೆ, ದೇವರ ಮುಂದೆ ದೂರು ಹೇಳೋದನ್ನ ಯಾರೂ ಕಲಿಸಲ್ಲ. ಅದಕ್ಕೇ ಕಷ್ಟ ಬಂದಾಗ ಜನಕ್ಕೆ ಎರಡೇ ದಾರಿ ಕಾಣೋದು, ಒಂದೋ ಬಾಯಲ್ಲಿ ಎಲ್ಲ ಒಳ್ಳೇದಕ್ಕೇ ಅನ್ನೋದು, ಇಲ್ಲಾಂದ್ರೆ ದೇವರನ್ನೇ ಬಿಟ್ಟುಬಿಡೋದು. ಮಧ್ಯದಲ್ಲಿ ಮೂರನೇ ದಾರಿ ಇದೆ, ಕೀರ್ತನೆಗಳು ತೆಗೆದ್ರೆ ಅದೇ ತುಂಬಿದೆ.

13ನೇ ಕೀರ್ತನೆಯಿಂದ ಶುರು ಮಾಡಿ, ಬರೀ ಆರು ವಚನ. ಮೊದಲೆರಡು ವಚನದಲ್ಲಿ ದಾವೀದ ನಾಲ್ಕು ಸಲ ಕೇಳ್ತಾನೆ, ಇನ್ನೂ ಎಷ್ಟು ದಿನ, ಎಷ್ಟು ದಿನ ಅಂತ. ನನ್ನ ಮರೆತುಬಿಟ್ಯಾ ಅಂತ ನೇರವಾಗಿ ಕೇಳ್ತಾನೆ. ಮುಂದಿನ ಎರಡರಲ್ಲಿ ಏನು ಬೇಕೋ ಅದನ್ನ ಕೇಳ್ತಾನೆ, ನನ್ನ ಕಡೆ ನೋಡು, ಕಣ್ಣಿಗೆ ಬೆಳಕು ಕೊಡು. ಕಡೇ ಎರಡರಲ್ಲಿ ನಾನು ನಿನ್ನ ಪ್ರೀತಿ ನಂಬಿದೀನಿ, ಹಾಡ್ತೀನಿ ಅಂತಾನೆ. ಇದನ್ನ ಹಂಗೇ ಇಟ್ಕೊಂಡು ನಿಮ್ಮದನ್ನ ಬರೀರಿ. ಒಂದು ನೋಟ್‌ಬುಕ್ ತಗೊಳ್ಳಿ, ಬರೆಯೋಕೆ ಬರದಿದ್ರೆ ಫೋನಲ್ಲಿ ರೆಕಾರ್ಡ್ ಮಾಡಿ. ಮೊದಲು ಏನಾಯ್ತು ಅಂತ ಹೆಸರು, ಜಾಗ ಸಮೇತ ಹೇಳಿ. ಕಷ್ಟದಲ್ಲಿದ್ದೀನಿ ಸ್ವಾಮಿ ಅಂತ ಸುಮ್ನೆ ಅನ್ನಬೇಡಿ. ನನ್ನ ತಮ್ಮ ಇನ್ನೂ ಸಿಕ್ಕಿಲ್ಲ, ಅಡಿಗೆಮನೆ ಕಡೆ ಗೋಡೆ ಅಪ್ಪನ ಮೇಲೆ ಬಿತ್ತು, ನಂಗೆ ನಿನ್ನ ಮೇಲೆ ಕೋಪ ಇದೆ, ಹಿಂಗೆ ಹೇಳಿ. ಆಮೇಲೆ ಇವತ್ತಿಗೆ ಏನು ಬೇಕು ಅಂತ ಒಂದೇ ಒಂದು ವಿಷಯ ಕೇಳಿ, ನಾಳೆದ್ದು ಬೇಡ. ಮೂರನೇ ಭಾಗ, ಆ ನಂಬಿದೀನಿ ಅನ್ನೋ ಮಾತು, ಬಾಯಿಗೆ ಬಂದ್ರೆ ಹೇಳಿ, ಬರ್ಲಿಲ್ಲ ಅಂದ್ರೆ ಖಾಲಿ ಬಿಡಿ.

ಖಾಲಿ ಬಿಟ್ರೆ ತಪ್ಪಾಗಲ್ವಾ ಅಂತ ಕೇಳಬಹುದು. 88ನೇ ಕೀರ್ತನೆ ನೋಡಿ. ಶುರುವಿಂದ ಕೊನೇವರೆಗೂ ಕತ್ತಲೇ, ಕಡೇ ಮಾತೂ ಕತ್ತಲೇ, ಅದ್ರಲ್ಲಿ ಆಮೇಲೆ ಎಲ್ಲ ಸರಿಹೋಯ್ತು ಅನ್ನೋ ಒಂದು ಸಾಲೂ ಇಲ್ಲ. ಆದ್ರೂ ಅದು ಬೈಬಲ್‌ನಲ್ಲಿದೆ, ಆರಾಧನೇಲಿ ಹಾಡೋ ಪುಸ್ತಕದಲ್ಲಿದೆ. ಶಿಲುಬೆ ಮೇಲೆ ಯೇಸುಸ್ವಾಮಿ ಬಾಯಲ್ಲಿ ಬಂದಿದ್ದೂ 22ನೇ ಕೀರ್ತನೆಯ ಮೊದಲ ಮಾತೇ, "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?" ಇದನ್ನ ಕೇಳೋದು ಅವಿಶ್ವಾಸ ಆಗಿದ್ರೆ ಅವರು ಕೇಳ್ತಾನೇ ಇರ್ಲಿಲ್ಲ. ಅವರು "ನನ್ನ ದೇವರೇ" ಅಂತ ಕರೆದೇ ಕೇಳಿದ್ರು ನೋಡಿ, ಹಂಗಾಗಿ ನೀವೂ ದೇವರ ಬಗ್ಗೆ ಪಕ್ಕದ ಮನೆಯೋರ ಹತ್ರ ದೂರೋದಕ್ಕಿಂತ ನೇರ ದೇವರ ಹತ್ರಾನೇ ದೂರಿ.

ಇನ್ನೊಂದು ವಿಧಾನ ಇದೆ, ತುಂಬ ಜನಕ್ಕೆ ಗೊತ್ತಿಲ್ಲ. ಪ್ರಲಾಪಗಳು ಅನ್ನೋ ಪುಸ್ತಕ ಯೆರೂಸಲೇಮ್ ಪಟ್ಟಣ ಹಾಳಾದ ಮೇಲೆ ಬರೆದಿದ್ದು, ಐದು ಅಧ್ಯಾಯ. ಒಂದು, ಎರಡು, ನಾಲ್ಕು, ಐದನೇ ಅಧ್ಯಾಯದಲ್ಲಿ 22 ವಚನ, ಮೂರನೇದರಲ್ಲಿ 66. ಯಾಕಂದ್ರೆ ಹೀಬ್ರೂ ಅಕ್ಷರಮಾಲೇಲಿ 22 ಅಕ್ಷರ, ಮೊದಲ ನಾಲ್ಕು ಅಧ್ಯಾಯನ ಅಕ್ಷರದ ಕ್ರಮದಲ್ಲೇ ಕಟ್ಟಿದ್ದಾರೆ. ಊರು ಸುಟ್ಟು ಬೂದಿ ಆಗಿದೆ, ಮಕ್ಕಳು ಹಸಿವಿನಿಂದ ಬೀದೀಲಿ ಬಿದ್ದಿವೆ, ಅಂಥ ಹೊತ್ತಲ್ಲಿ ಆ ಮನುಷ್ಯ ಅಕ್ಷರ ಅಕ್ಷರವಾಗಿ ದುಃಖ ಜೋಡಿಸ್ತಾ ಕೂತಿದ್ದಾನೆ. ನೀವೂ ಮಾಡಿ ನೋಡಿ. ಅ ಅಂತ ಒಂದು ಸಾಲು, ಆ ಅಂತ ಒಂದು ಸಾಲು, ದಿನಕ್ಕೆ ಒಂದೋ ಎರಡೋ. ಅ, ಅಮ್ಮನ ಸೀರೆ ಕೆಸರಲ್ಲಿ ಸಿಕ್ತು. ಆ, ಆ ರಾತ್ರಿ ಕರೆಂಟ್ ಇರ್ಲಿಲ್ಲ. ಇ, ಇನ್ನೂ ಕಿವೀಲಿ ಆ ಸದ್ದು ಇದೆ. ತಲೇಲಿ ಒಂದೇ ಚಿತ್ರ ಸುತ್ತಿ ಸುತ್ತಿ ಬರ್ತಿರೋರಿಗೆ ಇದು ಒಂದು ಹಿಡಿತ ಕೊಡತ್ತೆ, ಇಷ್ಟು ಹೇಳಿದ್ರೆ ಇವತ್ತಿಗೆ ಸಾಕು ಅನ್ನೋ ಒಂದು ಗಡಿ ಸಿಗತ್ತೆ. ಮಕ್ಕಳ ಜೊತೆ ಕೂತೂ ಮಾಡಬಹುದು, ಮಕ್ಕಳು ಮಾತಲ್ಲಿ ಹೇಳದೇ ಇರೋದು ಇದ್ರಲ್ಲಿ ಹೊರಗೆ ಬರತ್ತೆ.

ಪ್ರಲಾಪಗಳ ಮೂರನೇ ಅಧ್ಯಾಯದ ಮಧ್ಯದಲ್ಲಿ, ದೇವರ ಕರುಣೆ ದಿನದಿನ ಬೆಳಿಗ್ಗೆ ಹೊಸದಾಗಿ ಬರತ್ತೆ ಅನ್ನೋ ಮಾತಿದೆ, ಎಲ್ಲರ ಮನೆ ಕ್ಯಾಲೆಂಡರಲ್ಲೂ ಇರತ್ತೆ. ಆ ಮಾತಿನ ಮುಂಚೆ ಎರಡು ಅಧ್ಯಾಯಕ್ಕೂ ಜಾಸ್ತಿ ಅಳು ಇದೆ, ಆಮೇಲೂ ಅಳು ಮುಂದುವರಿಯತ್ತೆ. ಕ್ಯಾಲೆಂಡರಿನೋರು ಅದನ್ನ ಅಚ್ಚು ಹಾಕಲ್ಲ. ನೀವು ಅದನ್ನೂ ಸೇರಿಸಿ ಓದಿ.

ಪ್ರಾರ್ಥನೆ ಬರದೇ ಇದ್ರೆ

ಕೆಲವರಿಗೆ ದೂರೂ ಬರಲ್ಲ, ಒಳಗೆ ಎಲ್ಲ ಮರಗಟ್ಟಿರತ್ತೆ. ಆಗ ನಿಮ್ಮ ಸ್ವಂತ ಮಾತು ಹುಡುಕಬೇಡಿ, ಬಾಯಿಪಾಠ ಇರೋದನ್ನೇ ಹೇಳಿ. ಪರಲೋಕದಲ್ಲಿರುವ ನಮ್ಮ ತಂದೆಯೇ ಅಂತ ಶುರುವಾಗೋ ಕರ್ತನ ಪ್ರಾರ್ಥನೆ ಸಾಕು, ಕಥೋಲಿಕರಾದ್ರೆ ಕೈಯಲ್ಲಿ ಜಪಮಾಲೆ ಹಿಡ್ಕೊಂಡ್ರೆ ಸಾಕು. ಮನಸ್ಸಿಲ್ಲದೆ ಬಾಯಲ್ಲಿ ಹೇಳೋದು ವ್ಯರ್ಥ ಅಂತ ನಮ್ಮ ಕೆಲವು ಸಭೆಗಳಲ್ಲಿ ಹೇಳ್ತಾರೆ, ದುಃಖದಲ್ಲಿರೋರಿಗೆ ಅದು ಅನ್ವಯ ಆಗಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಆತ್ಮನೇ ಮಾತಿಲ್ಲದ ನರಳಾಟದಲ್ಲಿ ನಮ್ಮ ಪರವಾಗಿ ಬೇಡಿಕೊಳ್ತಾನೆ ಅಂತ ಪೌಲ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಹೇಳ್ತಾನಲ್ಲ, ಅದು ಇಂಥ ಹೊತ್ತಿಗೇ.

ನಮ್ಮ ದೊಡ್ಡಮ್ಮನ ಕನ್ನಡಕ ಮನೆ ಜೊತೆ ಹೋಗಿತ್ತು. ಕ್ಯಾಂಪಿಗೆ ಬಂದೋರೆಲ್ಲ ಅವರ ಕೈಗೆ ಬೈಬಲ್ ಕೊಡೋರು, ಸಣ್ಣ ಅಕ್ಷರದ್ದು. ಅವರು ತಗೊಂಡು ದಿಂಬಿನ ಪಕ್ಕ ಇಡ್ತಿದ್ರು. ಯಾರಿಗೂ ಕೇಳೋಕೆ ಹೊಳೀಲಿಲ್ಲ, ಅಮ್ಮಾ ಕಣ್ಣು ಕಾಣತ್ತಾ ಅಂತ. ಕೊನೆಗೆ ಅವರೇ ನಂಗೆ "ಮಗಾ, ಇಷ್ಟೊಂದು ಪುಸ್ತಕ ಇಟ್ಕೊಂಡು ನಾನೇನು ಮಾಡ್ಲಿ, ನೀನೇ ಒಂಚೂರು ಓದು" ಅಂದ್ರು. ಏನು ಓದ್ಲಿ ಅಂದ್ರೆ 46 ಬೇಡ ಅಂದ್ರು. 46ನೇ ಕೀರ್ತನೆ ನಮ್ಮ ಕಡೆ ಎಲ್ಲ ಕಷ್ಟದಲ್ಲೂ ಓದೋದು, ಅದ್ರಲ್ಲಿ ಬೆಟ್ಟಗಳು ಅಲುಗಾಡಿ ಸಮುದ್ರಕ್ಕೆ ಬಿದ್ರೂ ನಮಗೆ ಭಯ ಇಲ್ಲ ಅಂತ ಬರತ್ತೆ. ಬೆಟ್ಟ ಬೀಳೋದನ್ನ ಕಣ್ಣಾರೆ ನೋಡಿದ ಹೆಂಗಸಿಗೆ ಆ ವಾರ ಅದನ್ನ ಕೇಳೋಕೆ ಆಗ್ಲಿಲ್ಲ. ತಿಂಗಳುಗಳು ಕಳೆದ ಮೇಲೆ ಅವರೇ ಅದನ್ನ ಓದಿಸ್ಕೊಂಡ್ರು. ವಾಕ್ಯಕ್ಕೂ ಹೊತ್ತು ಅಂತ ಇರತ್ತೆ, ಮುಂಚೆನೇ ತುರುಕಬೇಡಿ.

ಮಾರ್ಕ 2ನೇ ಅಧ್ಯಾಯದ ಪಾರ್ಶ್ವವಾಯು ರೋಗಿನ ನಾಲ್ಕು ಜನ ಹೊತ್ಕೊಂಡು ಬಂದು, ಮಾಳಿಗೆ ಕಿತ್ತು ಇಳಿಸ್ತಾರೆ. ಅಲ್ಲಿ ಬರೆದಿರೋದು ಯೇಸು ಅವರ ನಂಬಿಕೆ ನೋಡಿದ್ರು ಅಂತ. ಹೊತ್ತು ತಂದೋರ ನಂಬಿಕೆನೂ ಲೆಕ್ಕಕ್ಕೆ ಬಂತು. ನಿಮಗೂ ಅಂಥ ನಾಲ್ಕು ಜನ ಬೇಕು. ನೇರವಾಗಿ ಫೋನ್ ಮಾಡಿ ಹೇಳಿ, ನಂಗೆ ಈಗ ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ, ನನ್ನ ಪರವಾಗಿ ನೀನು ಮಾಡು, ನಾನು ಚರ್ಚಿಗೆ ಬಂದ್ರೆ ಹಿಂದಿನ ಬೆಂಚಲ್ಲಿ ಕೂತು ಎದ್ದು ಹೋಗ್ತೀನಿ, ಯಾರೂ ಸಾಕ್ಷಿ ಹೇಳು ಅಂತ ಮೈಕ್ ಕೊಡದೇ ಇರೋ ಹಂಗೆ ನೋಡ್ಕೋ.

ನೋಡೋಕೆ ಹೋಗೋರಿಗೆ

ಯೋಬನ ಸ್ನೇಹಿತರು ಮಾಡಿದ್ದರಲ್ಲಿ ಒಂದೇ ಒಂದು ಸರಿ ಇತ್ತು, ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತಿದ್ರು. ಬಾಯಿ ಬಿಟ್ಟ ಮೇಲೇ ಕೆಟ್ಟಿದ್ದು. ಹಂಗಾಗಿ ದೇವರ ಚಿತ್ತ, ದೇವರಿಗೆ ಒಳ್ಳೆಯವರೇ ಬೇಕಂತೆ, ನಿಮಗೆ ತಡೆಯೋ ಶಕ್ತಿ ಇದೆ ಅಂತಾನೇ ಕೊಟ್ಟಿದ್ದು, ಕನಿಷ್ಠ ಇನ್ನೊಂದು ಮಗು ಉಳೀತಲ್ಲ, ಇವ್ಯಾವುದನ್ನೂ ಹೇಳಬೇಡಿ. "ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು" ಅನ್ನೋದು ಯೋಬ ತನ್ನ ಬಗ್ಗೆ ತಾನೇ ಹೇಳ್ಕೊಂಡಿದ್ದು, ಅದನ್ನ ಇನ್ನೊಬ್ಬರ ಮನೇಲಿ ನಿಂತು ನೀವು ಹೇಳೋದಲ್ಲ. ಸತ್ತುಹೋಗಿದ್ದ ಸ್ನೇಹಿತ ಲಾಜರನ ಸಮಾಧಿ ಹತ್ರ ಯೇಸುಸ್ವಾಮಿಗೆ ಐದು ನಿಮಿಷದಲ್ಲಿ ಅವನನ್ನ ಎಬ್ಬಿಸ್ತೀನಿ ಅಂತ ಗೊತ್ತಿತ್ತು, ಆದ್ರೂ ಅವನ ಸೋದರಿ ಮರಿಯಳ ಜೊತೆ ನಿಂತು ಅತ್ತರು. ಪುನರುತ್ಥಾನ ಗೊತ್ತಿರೋರೇ ಅತ್ತ ಮೇಲೆ ನಮಗೇನು ಅವಸರ?

ಏನು ತಗೊಂಡು ಹೋಗ್ಬೇಕು ಅಂತ ಕೇಳಿದ್ರೆ, ಕ್ಯಾಂಪಲ್ಲಿ ಸೀರೆ ರಾಶಿ ಬಿದ್ದಿರತ್ತೆ, ಲಂಗ, ರವಿಕೆ, ಒಳಉಡುಪು ಇರಲ್ಲ. ಪ್ಯಾಡ್, ಬಾಚಣಿಗೆ, ಪಿನ್ನು, ಚಪ್ಪಲಿ, ಫೋನ್ ಚಾರ್ಜರ್, ಓದೋ ಕನ್ನಡಕ, ದೊಡ್ಡ ಅಕ್ಷರದ ಬೈಬಲ್, ವಯಸ್ಸಾದೋರಿಗೆ ದಪ್ಪ ಸ್ವೆಟರ್. ಮೊದಲು ಫೋನ್ ಮಾಡಿ ಕೇಳಿ ಹೋಗಿ. ಫೋಟೋ ತೆಗೀಬೇಡಿ, ತೆಗೆದು ಗ್ರೂಪಿಗೆ ಹಾಕೋದಂತೂ ಬೇಡವೇ ಬೇಡ. ಸಹಾಯ ಕೊಡುವಾಗ ಇವರು ನಮ್ಮವರು, ಇವರು ಬೇರೆಯವರು ಅಂತ ನೋಡಬೇಡಿ, ಸಹಾಯದ ಜೊತೆ ಧರ್ಮ ಕಟ್ಟಿ ಕೊಡಬೇಡಿ, ಯೇಸುಸ್ವಾಮಿ ಹೇಳಿದ ಕಥೆಯ ಒಳ್ಳೆಯ ಸಮಾರ್ಯದವನು ದಾರೀಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆ ಹಾಕೋ ಮುಂಚೆ ನೀನ್ಯಾವ ಸಭೆ ಅಂತ ಕೇಳ್ಲಿಲ್ಲ.

ದೂರದಲ್ಲಿ ಇರೋರು, ಬೆಂಗಳೂರಲ್ಲಿ, ದುಬೈಯಲ್ಲಿ ಕೂತು ಪ್ರಾರ್ಥನೆ ಮಾತ್ರ ಮಾಡಬಲ್ಲೆ ಅನ್ನೋರು, ಕೆಲಸ ಹಿಡಿದು ಪ್ರಾರ್ಥನೆ ಮಾಡಿ. ಅಲ್ಲಿನ ಜನರನ್ನ ಕಾಪಾಡು ಅಂತ ಒಂದು ಸಾಲಲ್ಲಿ ಮುಗಿಸಬೇಡಿ. ಮುಂಡಕೈಗೆ ಹೋಗೋ ಸೇತುವೆ ಕೊಚ್ಚಿ ಹೋಗಿತ್ತು, ನಮ್ಮ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಮಳೇಲೇ ನಿಂತು 190 ಅಡಿ ಬೈಲಿ ಸೇತುವೆ (ಉಕ್ಕಿನ ಭಾಗಗಳನ್ನ ಅಲ್ಲೇ ಜೋಡಿಸಿ ಕಟ್ಟೋದು) ಹಾಕಿ ಆಗಸ್ಟ್ 1ಕ್ಕೆ ಮುಗಿಸಿದ್ರು, ಆಮೇಲೇ ದೊಡ್ಡ ಯಂತ್ರಗಳು ಆಚೆ ದಾಟಿದ್ದು. ಆ ಸೇತುವೆಗೆ, ಆ ಹುಡುಗರ ಕೈಕಾಲಿಗೆ, ಮೇಪ್ಪಾಡಿ ಆಸ್ಪತ್ರೆಲಿ ಹೆಣ ತೊಳೀತಿದ್ದೋರಿಗೆ, ಡಿಎನ್‌ಎ ಲ್ಯಾಬಲ್ಲಿ ರಾತ್ರಿ ಕೂತೋರಿಗೆ ಅಂತ ಹಿಡಿದು ಹಿಡಿದು ಕೇಳ್ಕೊಂಡ್ರೆ ನಿಮ್ಮ ಪ್ರಾರ್ಥನೆಗೂ ಜೀವ ಬರತ್ತೆ, ನಿಮಗೂ ಸುದ್ದಿ ನೋಡಿ ಚಾನೆಲ್ ಬದಲಿಸೋಕೆ ಆಗಲ್ಲ.

ದೇಹಾನೇ ಸಿಗದೇ ಇದ್ದಾಗ

ಇದು ಎಲ್ಲಕ್ಕಿಂತ ಕಷ್ಟದ್ದು. ಚೂರಲ್‌ಮಲದಿಂದ ಹೊಳೆ ಹೊತ್ಕೊಂಡು ಹೋದ ದೇಹಗಳು ಚಾಲಿಯಾರ್ ನದೀಲಿ ಎಷ್ಟೋ ಕಿಲೋಮೀಟರ್ ಕೆಳಗೆ ನಿಲಂಬೂರ್ ಕಡೆ ಸಿಕ್ಕಿದ್ವು, ಎಷ್ಟೋ ಜನದ್ದು ಪೂರ್ತಿ ದೇಹ ಸಿಗ್ಲಿಲ್ಲ. ಗುರುತು ಸಿಗದವರನ್ನ ಪುತ್ತುಮಲದಲ್ಲಿ ಒಂದೇ ಜಾಗದಲ್ಲಿ ಮಣ್ಣು ಮಾಡಿದ್ರು. ಆ ಪುತ್ತುಮಲಾನೂ 2019ರ ಆಗಸ್ಟ್ 8ಕ್ಕೆ ಗುಡ್ಡ ಕುಸಿದು 17 ಜನ ಸತ್ತ ಊರೇ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಕಡೆಯೋರು ಒಟ್ಟಿಗೆ ನಿಂತು ಪ್ರಾರ್ಥನೆ ಮಾಡಿದ್ರು, ಒಳಗೆ ಮಲಗಿರೋದು ಯಾವ ಧರ್ಮದೋರು ಅಂತ ಗೊತ್ತಿರ್ಲಿಲ್ಲ. ಒಂದೊಂದು ಗುಂಡಿ ಮೇಲೂ ಒಂದು ನಂಬರ್. ಡಿಎನ್‌ಎ ರಿಪೋರ್ಟ್ ಬಂದ ಮೇಲೆ ಮನೆಯೋರು ಬಂದು ನಂಬರ್ ಹುಡುಕಿ, ಅಲ್ಲಿ ಹೆಸರು ಹಾಕಿದ್ರು.

ದೇಹ ಸಿಗದೇ ಇರೋರು ಸಂಸ್ಕಾರ ಮಾಡೋಕೆ ಹಿಂಜರೀತಾರೆ, ಮಾಡಿದ್ರೆ ನಾವೇ ಅವರನ್ನ ಸಾಯಿಸಿದ ಹಂಗಾಗತ್ತೆ ಅನ್ಸತ್ತೆ. ಅವಸರ ಮಾಡಬೇಡಿ, ಯಾರಿಂದಾನೂ ಅವಸರ ಮಾಡಿಸ್ಕೋಬೇಡಿ. ಆದ್ರೆ ಸಿದ್ಧ ಆದಾಗ ನಿಮ್ಮ ಪಾಸ್ಟರ್ ಹತ್ರ, ಫಾದರ್ ಹತ್ರ ಸ್ಮರಣೆ ಆರಾಧನೆ ಮಾಡಿಸಿ ಅಂತ ಕೇಳಿ. ದೇಹ ಇಲ್ದೇನೂ ಮಾಡಬಹುದು. ಅವರ ಫೋಟೋ, ಅವರು ಉಪಯೋಗಿಸ್ತಿದ್ದ ಒಂದು ವಸ್ತು ಇಡಿ, ಪೂರ್ತಿ ಹೆಸರು ಓದಿಸಿ, ಅವರಿಗೆ ಇಷ್ಟ ಇದ್ದ ಹಾಡು ಹಾಡಿ. ಮನೆಯವರ ಸಮಾಧಿಗಳಿರೋ ಕಡೆ ಒಂದು ಕಲ್ಲಲ್ಲಿ ಹೆಸರು ಕೆತ್ತಿಸಿ, ನವೆಂಬರ್ 2ಕ್ಕೆ ಸಮಾಧಿಗಳಿಗೆ ಮೇಣದಬತ್ತಿ ಹಚ್ಚೋ ಪದ್ಧತಿ ಇರೋರು ಅಲ್ಲೂ ಹಚ್ಚಿ. ಕಾಗದದ ಕೆಲಸ ಬೇರೆ ಇದೆ, ಸಾಮಾನ್ಯವಾಗಿ ಕಾಣೆಯಾದೋರು ಏಳು ವರ್ಷ ಆದ್ಮೇಲೇ ಕಾನೂನು ಪ್ರಕಾರ ಸತ್ತರು ಅಂತ ಆಗೋದು, ವಯನಾಡಿನ ವಿಷಯದಲ್ಲಿ ಕೇರಳ ಸರ್ಕಾರ ಅಷ್ಟು ಕಾಯಿಸದೆ 2025ರ ಜನವರೀಲೇ ಕಾಣೆಯಾದೋರನ್ನ ಮೃತರು ಅಂತ ಪರಿಗಣಿಸೋ ತೀರ್ಮಾನ ತಗೊಂಡ್ತು. ನಿಮ್ಮ ಕಡೆ ಇಂಥದ್ದಾದ್ರೆ ತಹಶೀಲ್ದಾರ್ ಆಫೀಸಲ್ಲಿ ಕೇಳಿ, ಒಬ್ಬರೇ ಹೋಗಬೇಡಿ, ಸಭೆಯಿಂದ ಓದು ಬರಹ ಗೊತ್ತಿರೋ ಒಬ್ಬರನ್ನ ಕರ್ಕೊಂಡು ಹೋಗಿ. ಆ ಅರ್ಜೀಲಿ ಸಹಿ ಹಾಕುವಾಗ ಕೈ ನಡುಗತ್ತೆ, ಪಕ್ಕದಲ್ಲಿ ಒಬ್ಬರು ಇರ್ಬೇಕು.

ನಿರೀಕ್ಷೆ ಅಂದ್ರೆ ಏನು ಕಾಯ್ತಿದೀವಿ?

ಹೊಸ ವರ್ಷದಲ್ಲಿ ವಾಗ್ದಾನ ವಾಕ್ಯ ತೆಗೀತೀವಲ್ಲ, ಅದ್ರಲ್ಲಿ ಯೆರೆಮೀಯ 29:11 ಬಂದ್ರೆ ಎಲ್ಲರಿಗೂ ಖುಷಿ, ನಿಮ್ಮ ಬಗ್ಗೆ ಹಿತದ ಯೋಚನೆನೇ ಇದೆ ಅಂತ ದೇವರು ಹೇಳೋ ಮಾತು. ಅದ್ರ ಹಿಂದಿನ ವಚನಾನೂ ಓದಿ, 70 ವರ್ಷ ಆದ್ಮೇಲೆ ಅಂತಿದೆ. ಊರು ಕಳ್ಕೊಂಡು ಬಾಬಿಲೋನಿಗೆ ಸೆರೆ ಹೋದ ಜನಕ್ಕೆ ಬರೆದ ಪತ್ರ ಅದು, ಅದನ್ನ ಕೇಳಿದ ದೊಡ್ಡೋರು ಹೆಚ್ಚಿನವರು ಮತ್ತೆ ಊರು ನೋಡ್ಲೇ ಇಲ್ಲ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ ಅಂತಾನೂ ಅದೇ ಪತ್ರದಲ್ಲಿದೆ. ಕ್ಯಾಂಪಿಂದ ಬಾಡಿಗೆ ಮನೆಗೆ, ಬಾಡಿಗೆ ಮನೆಯಿಂದ ಸರ್ಕಾರದ ಮನೆಗೆ ಹೋದೋರಿಗೆ ಈ ಭಾಗ ಜಾಸ್ತಿ ಅರ್ಥ ಆಗತ್ತೆ. ಇದು ನನ್ನ ಜಾಗ ಅಲ್ಲ ಅನ್ಸತ್ತೆ, ಆದ್ರೂ ಬಾಗಿಲ ಹತ್ರ ಒಂದು ಕರಿಬೇವಿನ ಗಿಡ ನೆಡಿ.

ಅದೇ ಯೆರೆಮೀಯ 32ನೇ ಅಧ್ಯಾಯದಲ್ಲಿ ಇನ್ನೊಂದು ಕೆಲಸ ಮಾಡ್ತಾನೆ. ಪಟ್ಟಣಕ್ಕೆ ಶತ್ರು ಮುತ್ತಿಗೆ ಹಾಕಿದ್ದಾನೆ, ಇವನು ಸೆರೆಯಲ್ಲಿದ್ದಾನೆ, ಇನ್ನೇನು ಎಲ್ಲ ಹೋಗತ್ತೆ ಅಂತ ಅವನಿಗೇ ಚೆನ್ನಾಗಿ ಗೊತ್ತು, ಆ ಹೊತ್ತಲ್ಲಿ ಅನಾತೋತಲ್ಲಿದ್ದ ಹೊಲಾನ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಕೊಂಡ್ಕೊಳ್ತಾನೆ. ಸಾಕ್ಷಿ ಸಹಿ ಹಾಕಿಸಿ, ಪತ್ರನ ಮಣ್ಣಿನ ಗಡಿಗೇಲಿ ಹಾಕಿ ಇಡು, ತುಂಬ ದಿನ ಕೆಡದೇ ಇರ್ಲಿ ಅಂತ ಹೇಳ್ತಾನೆ. ನಿರೀಕ್ಷೆ ಅನ್ನೋದು ಅವನಿಗೆ ಮನಸ್ಸಿನ ಉತ್ಸಾಹ ಆಗಿರ್ಲಿಲ್ಲ, ಅವನೇ ಆಮೇಲೆ ಪ್ರಾರ್ಥನೇಲಿ ಇದೇನು ಸ್ವಾಮಿ ಈ ಸಮಯದಲ್ಲಿ ಹೊಲ ಕೊಂಡ್ಕೋ ಅಂತೀಯ ಅಂತ ಕೇಳ್ತಾನೆ. ಅರ್ಥ ಆಗದಿದ್ರೂ ಕೆಲಸ ಮಾಡಿದ. ನೀವೂ ನಿಮಗೆ ಆಗೋ ಒಂದು ಕೆಲಸ ಹುಡುಕಿ, ಮುಂದಿನ ವರ್ಷಕ್ಕೆ ಮಾತ್ರ ಉಪಯೋಗಕ್ಕೆ ಬರೋ ಅಂಥದ್ದು. ಮಗುನ ಸ್ಕೂಲಿಗೆ ಸೇರಿಸೋದು, ಟೈಲರಿಂಗ್ ಮಷಿನ್‌ಗೆ ಅರ್ಜಿ ಹಾಕೋದು, ನರ್ಸರಿಯಿಂದ ಸಸಿ ತರೋದು. ಖುಷಿ ಬಂದ ಮೇಲೆ ಮಾಡ್ತೀನಿ ಅಂತ ಕಾಯಬೇಡಿ.

ಹೋದೋರ ವಿಷಯದಲ್ಲಿ ನಮ್ಮ ನಿರೀಕ್ಷೆ ಒಂದೇ, ಪುನರುತ್ಥಾನ. ಯೋಬನಿಗೆ ಕೊನೇಲಿ ದನ, ಕುರಿ, ಒಂಟೆ ಎಲ್ಲ ಎರಡರಷ್ಟು ಸಿಗತ್ತೆ, ಮಕ್ಕಳು ಮಾತ್ರ ಮೊದಲಿನಷ್ಟೇ, ಏಳು ಗಂಡು ಮೂರು ಹೆಣ್ಣು. ಮೊದಲಿನ ಹತ್ತು ಮಕ್ಕಳು ದೇವರ ಹತ್ರ ಇನ್ನೂ ಇದ್ದಾರೆ ಅದಕ್ಕೇ ಎರಡರಷ್ಟು ಬೇಕಾಗ್ಲಿಲ್ಲ ಅಂತ ಹಿಂದಿನಿಂದ ಕೆಲವರು ಅರ್ಥ ಹೇಳ್ತಾರೆ, ನಂಗೂ ಹಂಗೇ ಅನ್ಸತ್ತೆ. ಮತ್ತೆ ಎದ್ದು ಬಂದ ಯೇಸುಸ್ವಾಮಿ ತೋಮನಿಗೆ ತೋರಿಸಿದ್ದು ಗಾಯಗಳನ್ನ. ಮೊಳೆ ಗುರುತು ಹೋಗಿರ್ಲಿಲ್ಲ. ಅಂದ್ರೆ ನೀವು ಗುಣ ಆದ್ರೂ ಗುರುತು ಇರತ್ತೆ, ಇದ್ರೆ ನಂಬಿಕೆ ಕಮ್ಮಿ ಅಂತ ಅಲ್ಲ.

ಡಾಕ್ಟರ್ ಬೇಕಾದಾಗ

ತಿಂಗಳುಗಳು ಕಳೆದ್ರೂ ನಿದ್ದೆ ಇಲ್ಲ, ಸದ್ದಾದ್ರೆ ಮೈ ನಡುಗತ್ತೆ, ಕುಡಿತ ಜಾಸ್ತಿ ಆಗಿದೆ, ನಾನೂ ಅವರ ಜೊತೆ ಹೋಗಬೇಕಿತ್ತು ಅಂತ ಪದೇ ಪದೇ ಬರ್ತಿದೆ ಅಂದ್ರೆ ಬರೀ ಪ್ರಾರ್ಥನೆ ಮೇಲೆ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೇಲಿ ಮಾನಸಿಕ ವೈದ್ಯರು ಇರ್ತಾರೆ. ಪೌಲನಂಥೋನೇ ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಶುರುವಿನಲ್ಲೇ ಬದುಕೋ ಆಸೆನೇ ಬಿಟ್ಟುಬಿಟ್ಟಿದ್ವಿ ಅಂತ ಬರೀತಾನೆ. ಮಾತ್ರೆ ತಗೊಳೋದು ನಂಬಿಕೆ ಇಲ್ಲದ ಲಕ್ಷಣ ಅಂತ ಯಾರಾದ್ರೂ ಪುಲ್ಪಿಟ್‌ನಿಂದ ಹೇಳಿದ್ರೆ ಅವರ ಮಾತು ಕೇಳಬೇಡಿ.

ಮುಂದಿನ ಮಳೆಗಾಲ

ಮೊದಲ ತಿಂಗಳು ಎಲ್ಲರೂ ಬರ್ತಾರೆ, ಆರನೇ ತಿಂಗಳಿಗೆ ಯಾರೂ ಇರಲ್ಲ. ಸಭೆಯೋರು ಆರನೇ ತಿಂಗಳಿಗೆ, ಹುಟ್ಟಿದ ಹಬ್ಬಕ್ಕೆ, ಮೊದಲ ಕ್ರಿಸ್ಮಸ್‌ಗೆ ಯಾರು ಹೋಗ್ಬೇಕು ಅಂತ ಈಗಲೇ ಡೈರೀಲಿ ಬರ್ಕೊಳ್ಳಿ. ಹೋದಾಗ ಸತ್ತವರ ಹೆಸರು ಎತ್ತಿ ಮಾತಾಡಿ, ಎತ್ತಿದ್ರೆ ನೋವಾಗತ್ತೆ ಅಂತ ಸುಮ್ಮನಿರೋದ್ರಿಂದಾನೇ ಜಾಸ್ತಿ ನೋವು.

ಜೂನಲ್ಲಿ ಮೊದಲ ಜೋರು ಮಳೆ ಹೆಂಚಿನ ಮೇಲೆ ಬಿದ್ದಾಗ ನಮ್ಮ ಕಡೆ ಎಷ್ಟೋ ಮನೇಲಿ 2019ರಲ್ಲಿ ಯಾರೂ ಮಲಗ್ಲಿಲ್ಲ. ಅದಕ್ಕೆ ಮುಂಚೆನೇ ತಯಾರಿ ಮಾಡ್ಕೊಳ್ಳಿ. ದಾಖಲೆ, ಮಾತ್ರೆ, ಟಾರ್ಚ್, ಒಂದು ಜೊತೆ ಬಟ್ಟೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಬಾಗಿಲ ಹತ್ರ ಇಡಿ, ಜಿಲ್ಲಾ ವಿಪತ್ತು ನಂಬರ್ 1077 ಎಲ್ಲರ ಫೋನಲ್ಲೂ ಇರ್ಲಿ, ರಾತ್ರಿ ಭಯ ಆದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ ಮೊದಲೇ ಮಾತಾಡ್ಕೊಂಡಿರಿ. ಗೋಡೆ ಬಿರುಕು ಬಿಟ್ರೆ, ಒರತೆ ನೀರು ದಿಢೀರ್ ಕೆಸರಾದ್ರೆ, ಜಾಗ ಖಾಲಿ ಮಾಡಿ ಅಂತ ಹೇಳಿದ್ರೆ, ಹೊರಟುಬಿಡಿ. ಕರ್ತನು ಕಾಪಾಡ್ತಾನೆ ಅಂತ ಗುಡ್ಡದ ಕೆಳಗೇ ಕೂತ್ಕೊಳೋರು ಪ್ರತಿ ವರ್ಷ ಇದ್ದೇ ಇರ್ತಾರೆ. ದೇವಾಲಯದ ಶಿಖರದಿಂದ ಹಾರು, ದೂತರು ಹಿಡ್ಕೊಳ್ತಾರೆ ಅಂತ ಸೈತಾನ ಹೇಳಿದಾಗ ಯೇಸುಸ್ವಾಮಿ ಹಾರ್ಲಿಲ್ಲ, ದೇವರನ್ನ ಪರೀಕ್ಷೆ ಮಾಡಬಾರದು ಅಂದ್ರು. ಪಕ್ಕದ ಮನೆ ಅಜ್ಜಿನೂ ಎಬ್ಬಿಸಿ ಕರ್ಕೊಂಡು ಹೋಗಿ, ಪ್ರಾರ್ಥನೆನ ಕ್ಯಾಂಪಿಗೆ ಹೋದ ಮೇಲೆ ಮಾಡಬಹುದು.